ಹನ್ನೊಂದನೆಯ ಉತ್ತರ

ಫೆಬ್ರವರಿ ೧೨, ಗುರುವಾರ. ಮಯೂರ್ ವಿಹಾರ್.

ಮಾಚಮ್ಮ ನನ್ನ ಇಂಗ್ಲಿಷ್ ಕ್ಲಾಸ್ ಬಿಟ್ಟುಬಿಡುತ್ತಾರೇನೋ ಎಂದು ವಾರವಿಡೀ ಚಿಂತೆಯಿತ್ತು. ಪ್ರಬಂಧ ಬರೆಯಿರಿ ಎಂದರೆ ಎರಡೇ ಸಾಲಿಗೆ ಪೆನ್ನು ಮುಚ್ಚುತ್ತಿದ್ದರು. ಅದಕ್ಕೇ ಸರ್ವೆ ಕೊಟ್ಟೆ: ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹತ್ತು ಹೆಂಗಸರಿಗೆ ಒಂದೇ ಪ್ರಶ್ನೆ ಕೇಳಿ, ಉತ್ತರಗಳನ್ನು ಇಂಗ್ಲಿಷಿನಲ್ಲಿ ಬರೆದು ತರಬೇಕು. ಪ್ರಶ್ನೆ ಅವರೇ ಆರಿಸಿದ್ದು: ಚಿಕ್ಕವರಿದ್ದಾಗ ಏನಾಗಬೇಕು ಅಂದುಕೊಂಡಿದ್ರಿ?

ಇವತ್ತು ಮೂರು ಪುಟ ತಂದರು. ಸ್ಪೆಲಿಂಗ್ ತಪ್ಪುಗಳು ಬೇಕಾದಷ್ಟಿದ್ದವು. ಓದುತ್ತಾ ತಿದ್ದುವುದನ್ನೇ ಮರೆತೆ.

"ಹನ್ನೊಂದು ಉತ್ತರ ಇದೆಯಲ್ಲ?"

"ಕೊನೇದು ನಂದೇ ಮೇಡಂ. ನನ್ನನ್ನ ಯಾರೂ ಕೇಳಿರ್ಲಿಲ್ಲ."

ಅಣ್ಣಂದಿರ ಹಾಗೆ ಸೈನ್ಯ ಸೇರಬೇಕೆಂದಿದ್ದರಂತೆ. ಅದೊಂದೇ ಅರ್ಧ ಪುಟವಿತ್ತು.

"ಸರಿಯಾಗಿ ತಿದ್ದಿಕೊಡಿ. ಮೊಮ್ಮಗಳಿಗೆ ಓದೋಕೆ ಕೊಡ್ಬೇಕು. ಅವಳಿಗೆ ಕನ್ನಡ ಓದೋಕೆ ಬರಲ್ಲ."

ಇಷ್ಟು ದಿನ ಅವರು ಇಂಗ್ಲಿಷ್ ಕಲಿಯುತ್ತಿದ್ದುದು ಯಾಕೆಂದು ನಾನೂ ಕೇಳಿರಲಿಲ್ಲ.