ರಾಟೆಗೆ ಕಟ್ಟಿದ ಕೆಂಪು ಬಟ್ಟೆ

ಶಿಬಿರದ ರೂಪ ಮೇಡಂ ಅವರಿಗೆ,

ನಯನಳ ಅಜ್ಜಿ ಬರೆಯುವುದು. ನಿಮ್ಮ ಪರಿಸರ ಶಿಬಿರದಲ್ಲಿ ಕೊಟ್ಟ ಪರೀಕ್ಷೆಯ ಸೀಸೆಗೆ ಅವಳು ನಮ್ಮ ಬಾವಿ ನೀರು ತುಂಬಿಟ್ಟಳು. ಮಾರನೆಯ ದಿನ ಅದು ಕಪ್ಪಾಯಿತು. “ಕೊಳಚೆ ಸೇರ್ಕಂಡದೆ ಕಣಜ್ಜಿ, ಯಾರೂ ಕುಡೀಬ್ಯಾಡಿ” ಎಂದು ಬಾವಿಯ ರಾಟೆಗೆ ಕೆಂಪು ಬಟ್ಟೆ ಕಟ್ಟಿದಳು. ಜಾತಿ ನೋಡದೆ ಊರಿಗೆಲ್ಲ ನೀರು ಕೊಟ್ಟ ಬಾವಿ ನಮ್ಮದು. ಬಟ್ಟೆಯನ್ನು ಕಿತ್ತೆಸೆದೆ.

ಆಮೇಲೆ, ನೀರು ನಿಜಕ್ಕೂ ಕೆಟ್ಟಿದ್ದರೆ ಎಂದು ಕೂತಲ್ಲಿ ಕೂರಲಾಗಲಿಲ್ಲ. ಇಂದು ಕೆಳಗೇರಿಯ ತುಂಬುಬಸುರಿ ವನಜಾ ಬಿಂದಿಗೆ ತಂದಾಗ “ಸೇದಬ್ಯಾಡ ಕಣಮ್ಮಿ” ಎಂದುಬಿಟ್ಟೆ.

“ಇಷ್ಟು ದಿನ ಇಲ್ದಿದ್ದ ಮಡಿ ಈಗ್ಯಾಕವ್ವ?” ಎಂದವಳೇ ಬರಿ ಬಿಂದಿಗೆ ಹೊತ್ತು ನಡೆದಳು. ಕರೆದರೂ ತಿರುಗಲಿಲ್ಲ.

ಬಟ್ಟೆಯನ್ನು ನಾನೇ ಮತ್ತೆ ಕಟ್ಟಿದ್ದೇನೆ. ಭಾನುವಾರ ಸೀಸೆಗಳೊಂದಿಗೆ ತಪ್ಪದೆ ಬನ್ನಿ. ಊರಿನವರ ಎದುರೇ ಪರೀಕ್ಷೆ ನಡೆಯಲಿ. ನೀರನ್ನು ವನಜಾಳೇ ಸೇದಲಿ.

ಇತಿ,
ಹೊಂಬಾಳಮ್ಮ
ಮದ್ದೂರು ತಾಲ್ಲೂಕು