ತೋಟದ ಬುಟ್ಟಿ ಬಂದಾಗ

ರೀ,

ತೋಟದವರ ತರಕಾರಿ ಬುಟ್ಟಿ ಇನ್ನೇನು ಬರುತ್ತೆ, ಬಾಗಿಲಲ್ಲೇ ಬಾಡೋಕೆ ಬಿಡಬೇಡಿ. ಹಳೇ ಬುಟ್ಟಿ ವಾಪಸ್ ಕೊಡಿ. ಮೂಲಂಗಿ ಸೊಪ್ಪು ಕಸ ಅಲ್ಲ, ಹೋದ ವಾರದ ಹಾಗೆ ಬಿಸಾಡಬೇಡಿ.

ಈ ಹಂಗಾಮಿಗೆ ಆ ತೋಟಕ್ಕೆ ಮುಂಗಡ ಕಟ್ಟಿ, ವಾರಕ್ಕೊಂದು ಬುಟ್ಟಿ ಬರಲಿ ಅಂತ ಪಾಲು ಹಾಕಿದ್ದೇ, ಏನು ಅಡುಗೆ ಅಂತ ದಿನಾ ನಿಮ್ಮನ್ನ ಕೇಳೋದು ತಪ್ಪಲಿ ಅಂತ. ಅವರು ಕಳಿಸಿದ್ದನ್ನ ಬೇಯಿಸಿದರಾಯ್ತು ಅಂದುಕೊಂಡಿದ್ದೆ. ಈಗ ಬುಟ್ಟಿ ಮುಂದೆ ಕೂತು ತಲೆ ಕೆಡಿಸಿಕೊಳ್ಳೋಳೂ ನಾನೇ.

ಬೆಳಗಿಂದ ಕೂತಲ್ಲಿ ಕೂರೋಕಾಗ್ತಿಲ್ಲ, ಒಲೆ ಹಚ್ಚೋಕೆ ಮನಸ್ಸಿಲ್ಲ. ಪಾಲು ಹಾಕಿದವರು ಕೊಯ್ಲಿಗೆ ಬರಬಹುದಂತೆ, ತೋಟಕ್ಕೇ ಹೊರಟೆ. ಸಂಜೆ ಹಸಿದುಕೊಂಡು ಬರ್ತೀನಿ.

ಏನು ಅಡುಗೆ ಮಾಡಲಿ ಅಂತ ಫೋನ್ ಮಾಡಬೇಡಿ. ಮಾಡಿದರೆ, ಪೇಪರಿಂದ ತಲೆ ಎತ್ತದೆ ನೀವು ದಿನಾ ಹೇಳೋ ಉತ್ತರಾನೇ ಸಿಗುತ್ತೆ: ಏನಾದ್ರೂ ಮಾಡಿ.