ಅಪ್ಪನ ಪ್ಯಾಂಟಿನ ಸೊಂಟ

ಅಕ್ಕನಿಗೆ ನಮಸ್ಕಾರ.

ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ಅಪ್ಪ ಚೆನ್ನಾಗಿದ್ದಾರೆ ಎನ್ನುತ್ತಿದ್ದೆ. ಅದು ನಿಜವಲ್ಲ, ಅದಕ್ಕೇ ಈ ಕಾಗದ.

ಈ ವರ್ಷ ಅವರ ಪ್ಯಾಂಟಿನ ಸೊಂಟವನ್ನು ಮೂರು ಸಲ ಹಿಡಿದು ಹೊಲಿದೆ. ಬಸ್ಸು ಓಡಿಸುತ್ತಿದ್ದ ಕಾಲದ ಹೊಟ್ಟೆ ಕೊನೆಗೂ ಕರಗಿತೆಂದು ಅಂಗಡಿಗೆ ಬಂದವರಿಗೆಲ್ಲ ಖುಷಿಯಿಂದ ಹೇಳಿಕೊಂಡೆ. ದಿನವೂ ಜನರ ಅಳತೆ ತೆಗೆಯುವ ನನಗೆ ಅದು ಯಾಕೆ ಕರಗಿತೆಂದು ಕೇಳಬೇಕೆನಿಸಲಿಲ್ಲ.

ಮೊನ್ನೆ ಬಚ್ಚಲಿನ ಸ್ಟೂಲಿನಿಂದ ಏಳಲಾಗದೆ ಒಂದು ಗಂಟೆ ಒದ್ದೆ ಮೈಯಲ್ಲೇ ಕೂತಿದ್ದರು. ನಾನು ಮುಂದಿನ ಕೋಣೆಯಲ್ಲೇ ಇದ್ದೆ. ಯಾಕೆ ಕರೆಯಲಿಲ್ಲ ಎಂದರೆ, "ನೀನು ಹೊಲೀತಾ ಇದ್ಯಲ್ಲೋ, ಸುಮ್ನೆ ಯಾಕೆ ಎಬ್ಬಿಸೋದು ಅಂತ" ಅಂದರು. ಎತ್ತಿದೆ. ಏನೂ ಭಾರವಿರಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿದರು. ಅಪ್ಪ ಎರಡಕ್ಕೇ ಸುಸ್ತಾದರು. ಆಮೇಲೆ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಈ ವಯಸ್ಸಲ್ಲಿ ತೂಕ ತಾನಾಗೇ ಇಳಿದ್ರೆ ಕೈಕಾಲಿನ ಬಲಾನೂ ಹೋಗಿಬಿಡುತ್ತೆ. ಮೊದಲೇ ತೋರಿಸಬೇಕಿತ್ತು" ಅಂದರು. ಇನ್ನೇನು ಮಾಡಬಹುದು ಎಂದು ಕೇಳಿದೆ. "ಊಟ, ಔಷಧಿ ಬರ್ಕೊಡ್ತೀನಿ. ದೂರದಲ್ಲಿರೋ ಮಕ್ಕಳಿದ್ರೆ ಬಂದು ನೋಡ್ಕೊಂಡು ಹೋಗ್ಲಿ" ಅಂದರು.

ನಿನ್ನನ್ನು ಕೇಳದೆಯೇ, ಭಾನುವಾರ ಅಕ್ಕ ಬರುತ್ತಾಳೆ ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದೇನೆ. ಅಂದಿನಿಂದ ಗೋಡೆ ಹಿಡಿದು ಮಂಚದಿಂದ ಬಾಗಿಲವರೆಗೆ ನಡೆಯುವುದನ್ನು ಕಲಿಯುತ್ತಿದ್ದಾರೆ. ತಪ್ಪಿಸಬೇಡ. ಬಂದವಳೇ ಒಳಗೆ ಓಡಿ ಬರಬೇಡ. ಎಷ್ಟು ಹೊತ್ತಾದರೂ ಸರಿ, ಅವರೇ ಬಂದು ಬಾಗಿಲು ತೆಗೆಯುವವರೆಗೆ ಹೊರಗೇ ನಿಂತಿರು.

ನಿನ್ನ ತಮ್ಮ